ಚೌಕ ಅರಿವೆ, ನಾಲ್ಕು ಹೊಲಿಗೆ

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ)

ಈ ವರ್ಷದ ಸಂಚಿಕೆಗೆ ಏನಾದರೂ ಬರೆದು ಕೊಡಬೇಕೆಂದು ಗುರುಗಳು ಸೂಚಿಸಿದಾಗ ಗೆಳತಿಯರು ತಲೆಗೊಂದು ವಿಷಯ ಹೇಳಿದರು. ಒಬ್ಬಳು ರಾಷ್ಟ್ರನಿರ್ಮಾಣದಲ್ಲಿ ಯುವಜನರ ಪಾತ್ರವನ್ನು ಕುರಿತು ಬರೆ ಎಂದಳು. ಇನ್ನೊಬ್ಬಳು ಸ್ತ್ರೀ ಸ್ವಾತಂತ್ರ್ಯ ಎಂದಳು. ಎರಡೂ ದೊಡ್ಡ ವಿಷಯಗಳೇ ಸರಿ. ಆದರೆ ಅವುಗಳ ಮೇಲೆ ನಾನು ಬರೆದರೆ ಓದಿದ್ದನ್ನು ಬರೆದಂತಾಗುವುದೇ ಹೊರತು ಕಂಡದ್ದನ್ನು ಬರೆದಂತಾಗುವುದಿಲ್ಲ. ಆದ್ದರಿಂದ ನಾನು ಕಿಟಕಿಯ ಪರದೆಗಳನ್ನು ಕುರಿತು ಬರೆಯುತ್ತೇನೆ. ವಾಚಕರು ನಗಬಾರದು. ನಗಲೇಬೇಕೆಂದಿದ್ದರೆ ಪೂರ್ತಿ ಓದಿದ ಮೇಲೆ ನಗಬೇಕೆಂದು ವಿನಂತಿ.

ನಮ್ಮೂರು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿ. ನಮ್ಮ ಮನೆಯ ಪಡಸಾಲೆಯಲ್ಲಿ, ಇದ್ದ ಒಂದೇ ಕಿಟಕಿಯ ಕೆಳಗೆ, ಅವ್ವನ ಹೊಲಿಗೆ ಯಂತ್ರವಿದೆ. ಕಾಲಿನಿಂದ ತುಳಿಯುವ ಹಳೆಯ ಯಂತ್ರ. ಮೂರು ವರ್ಷಗಳ ಕೆಳಗೆ ಅದಕ್ಕೊಂದು ಮೋಟಾರು ಕೂಡಿಸಿದೆವು. ಕರೆಂಟು ಹೋದರೆ ಮತ್ತೆ ಕಾಲೇ ಗತಿ. ನಾನು ಕನ್ನಡ ಶಾಲೆಯ ಮಗ್ಗಿಯನ್ನು ಅದರ ಸದ್ದಿನಲ್ಲಿಯೇ ಬಾಯಿಪಾಠ ಮಾಡಿದವಳು. ಅವ್ವ ಓದಿದ್ದು ನಾಲ್ಕನೆಯ ಇಯತ್ತೆ, ಅಪ್ಪ ಏಳನೆಯದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ನಮಗೆ ಒಂದು ಎಕರೆ ಕಬ್ಬುಂಟು. ಅದರ ಹಣ ವರ್ಷಕ್ಕೊಮ್ಮೆ ಬರುತ್ತದೆ, ಬಂದ ವಾರದಲ್ಲಿಯೇ ಸೊಸಾಯಿಟಿಯ ಸಾಲಕ್ಕೆ ಹೋಗುತ್ತದೆ. ನನ್ನ ಶುಲ್ಕ, ಪುಸ್ತಕ, ಚಪ್ಪಲಿ ಇವೆಲ್ಲ ಬಂದದ್ದು ಕುಬಸಗಳಿಂದ. ಈ ಮಾತನ್ನು ಹೇಳಿಕೊಳ್ಳಲು ಮೊದಲ ವರ್ಷದಲ್ಲಿ ನಾನು ನಾಚುತ್ತಿದ್ದೆ. ‘ನಿಮ್ಮ ತಾಯಿ ಏನು ಮಾಡುತ್ತಾರೆ?’ ಎಂದು ಯಾರಾದರೂ ಕೇಳಿದರೆ ‘ಮನೆಯಲ್ಲಿಯೇ ಇರುತ್ತಾರೆ’ ಎನ್ನುತ್ತಿದ್ದೆ. ಮನೆಯಲ್ಲಿಯೇ ಇರುತ್ತಾರೆಂಬುದು ಸುಳ್ಳಲ್ಲ. ಆದರೆ ಆ ಒಂದು ಮಾತಿನಲ್ಲಿ ಎಷ್ಟು ದುಡಿಮೆ ಮುಚ್ಚಿಹೋಗುತ್ತದೆಂಬುದು ನನಗೆ ತಿಳಿದದ್ದು 2025ರ ಮೇ ತಿಂಗಳಲ್ಲಿ.

ಆ ತಿಂಗಳಲ್ಲಿ ಗೋಕಾಕದ ಕಡೆಯ ಗೃಹಸ್ಥರೊಬ್ಬರು ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಸಿದ್ಧತೆ ನಡೆಸಿದ್ದರು. ಅಪ್ಪನಿಗೆ ಅಷ್ಟಿಷ್ಟು ಪರಿಚಯದವರು. ಏಳು ಕಿಟಕಿ, ಮೂರು ಬಾಗಿಲು. ಒಂದೊಂದಕ್ಕೆ ಎರಡೆರಡರಂತೆ ಒಟ್ಟು ಇಪ್ಪತ್ತು ಪರದೆಗಳಾಗಬೇಕು. ಅರಿವೆಯನ್ನು ಅವರೇ ಬೆಳಗಾವಿಯಿಂದ ತಂದಿದ್ದರು. ಪೇಟೆಯ ಅಂಗಡಿಯಲ್ಲಿ ಒಂದು ಪರದೆಗೆ 120 ರೂಪಾಯಿ ಮಜೂರಿ ಕೇಳಿದರೆಂದು, ಮನೆಯಲ್ಲಿ ಹೊಲಿಯುವವರು ಸೋವಿಯಾಗಿ ಮಾಡಿಕೊಡುತ್ತಾರೆಂದು ನಮ್ಮಲ್ಲಿಗೆ ಬಂದಿದ್ದರು. ಅವ್ವ ಅಳುಕುತ್ತಲೇ 80 ರೂಪಾಯಿ ಎಂದಳು.

“ಏನ್ರೀ ಅಕ್ಕಾರ, ಚೌಕ ಅರಿಬಿ, ನಾಕ ಕಡೆ ಹೊಲಿಗಿ. ಕುಬಸದಂಗ ತೋಳಿಲ್ಲ, ಕೊಳ್ಳಿಲ್ಲ. ಇದಕ್ಯಾಕ ಅಷ್ಟ ರೊಕ್ಕ?” ಎಂದರು ಅವರು. ಸಿಟ್ಟಿನಿಂದಲ್ಲ, ನಗುತ್ತಲೇ ಅಂದರು. ಅಪ್ಪನೂ ನಡುವೆ ಬಾಯಿ ಹಾಕಿ, “ಪರಿಚಯದವರ ಅದಾರ, ಐವತ್ತಕ್ಕ ಮಾಡಿ ಕೊಡ” ಎಂದ. ಅಲ್ಲಿಗೆ ಮಾತು ಮುಗಿಯಿತು. ಯಾರೂ ಮೋಸ ಮಾಡಲಿಲ್ಲ, ಯಾರೂ ಗದರಿಸಲಿಲ್ಲ. ಮೂವತ್ತು ರೂಪಾಯಿ ಕಳೆದುಹೋಗಲು ಅಷ್ಟೆಲ್ಲ ಬೇಕಾಗಿಯೂ ಇರಲಿಲ್ಲ.

ಚೌಕ ಅರಿವೆ, ನಾಲ್ಕು ಕಡೆ ಹೊಲಿಗೆ. ಈ ಮಾತು ನನ್ನ ತಲೆಯಲ್ಲಿ ಕೊರೆಯಹತ್ತಿತು. ನಿಜವಾಗಿಯೂ ಪರದೆಯೆಂದರೆ ಅಷ್ಟೇ ಆಗಿದೆಯೇ? ನಾನು ಬೇಸಿಗೆಯ ಸೂಟಿಯಲ್ಲಿದ್ದೆ. ಅವ್ವನ ಜೊತೆ ಕುಳಿತು, ಅರ್ಥಶಾಸ್ತ್ರದ ವಿದ್ಯಾರ್ಥಿನಿಗೆ ಒಪ್ಪುವಂತೆ, ಒಂದು ವಹಿಯಲ್ಲಿ ಗಡಿಯಾರ ನೋಡಿ ಬರೆದಿಡತೊಡಗಿದೆ. ಅಲ್ಲಿ ಬರೆದದ್ದನ್ನೇ ಇಲ್ಲಿ ಹೇಳುತ್ತೇನೆ.

ಮೊದಲನೆಯದು ಅಳತೆ. ಕಿಟಕಿ ನಾಲ್ಕು ಅಡಿ ಅಗಲವೆಂದು ನಾಲ್ಕು ಅಡಿ ಅರಿವೆ ಹಾಕಿದರೆ ಅದು ಪರದೆಯಾಗುವುದಿಲ್ಲ, ಒಣಹಾಕಿದ ಪಂಚೆಯಾಗುತ್ತದೆ. ನೆರಿಗೆ ನಿಲ್ಲಬೇಕಾದರೆ ಕಿಟಕಿಯ ಅಗಲದ ಎರಡು ಪಟ್ಟು ಅರಿವೆ ಬೇಕು. 48 ಇಂಚು ಪನ್ನದ ಅರಿವೆಯಾದರೆ ನಾಲ್ಕು ಅಡಿಯ ಕಿಟಕಿಗೆ ಎರಡು ತುಂಡು ಸರಿಯಾಗಿ ಕೂಡುತ್ತವೆ. ಉದ್ದವನ್ನು ಕಿಟಕಿಯಿಂದ ಅಳೆಯುವುದಲ್ಲ, ಸರಳು ಕೂಡುವ ಜಾಗದಿಂದ ಅಳೆಯಬೇಕು. ಮೇಲೆ ನಾಲ್ಕು ಇಂಚು ಪಟ್ಟಿಗೆ, ಕೆಳಗೆ ನಾಲ್ಕು ಇಂಚು ಮಡಿಕೆಗೆ, ಒಳಮಡಿಕೆಗೆ ಒಂದೊಂದು ಇಂಚು ಬೇರೆ. ಬಾಗಿಲಿನ ಪರದೆಯಲ್ಲಿ ಎರಡೂ ತುದಿಗಳನ್ನು ಅಳೆಯಬೇಕು. ಏಕೆಂದರೆ ಎಷ್ಟೇ ಒಳ್ಳೆಯ ಗೌಂಡಿ ಹಾಸಿದ ನೆಲವಾದರೂ ಒಂದು ಕಡೆ ಅರ್ಧ ಇಂಚು ಇಳಿದಿರುತ್ತದೆ. ಆ ಅರ್ಧ ಇಂಚು ಗೌಂಡಿಯ ತಪ್ಪಾಗಿ ಕಾಣುವುದಿಲ್ಲ, ಹೊಲಿದವಳ ತಪ್ಪಾಗಿ ಕಾಣುತ್ತದೆ.

ಎರಡನೆಯದು ಕತ್ತರಿ. ನೂಲಿನ ಅರಿವೆಯನ್ನು ನೀರಿಗೆ ಹಾಕದೆ ಕತ್ತರಿಸಿದರೆ ಮೊದಲ ಒಗೆತಕ್ಕೆ ಕುಗ್ಗಿ ಮೊಣಕಾಲಿಗೇರುತ್ತದೆ. ಅರಿವೆಯ ಅಂಚು ಬಿಗಿಯಾಗಿದ್ದರೆ ಅಲ್ಲಲ್ಲಿ ಕಚ್ಚು ಹಾಕಬೇಕು, ಇಲ್ಲದಿದ್ದರೆ ಬದಿ ಸುರುಟಿಕೊಳ್ಳುತ್ತದೆ. ಹೂವಿನ ಅಚ್ಚಿನ ಅರಿವೆಯಾದರೆ ಕಷ್ಟ ಇನ್ನೂ ಹೆಚ್ಚು. ಎಡಗಡೆಯ ಪರದೆಯಲ್ಲಿ ಹೂ ಯಾವ ಎತ್ತರಕ್ಕೆ ಬಂದಿದೆಯೋ ಬಲಗಡೆಯಲ್ಲಿಯೂ ಅದೇ ಎತ್ತರಕ್ಕೆ ಬರಬೇಕು. ಇಲ್ಲಿ ನನ್ನದೊಂದು ಅಪರಾಧವನ್ನು ಒಪ್ಪಿಕೊಳ್ಳಬೇಕು. ಅವ್ವ ರೊಟ್ಟಿ ಮಾಡಲು ಎದ್ದುಹೋದಾಗ, ಬಿ.ಎ. ಓದುವವಳಿಗೆ ಇದೇನು ಮಹಾ ಎಂದುಕೊಂಡು ನಾನೇ ಎರಡು ತುಂಡು ಕತ್ತರಿಸಿ ಮೇಲ್ಭಾಗ ಕೆಳಭಾಗ ಗುರುತು ಹಾಕಿಟ್ಟೆ. ಅವ್ವ ನನ್ನ ಗುರುತನ್ನು ನಂಬಿ ಹೊಲಿದಳು. ತೂಗಿ ನೋಡಿದರೆ ಹೂಗಳೆಲ್ಲ ತಲೆಕೆಳಗು! ಪುಣ್ಯಕ್ಕೆ ರಿಂಗಿನ ತೂತುಗಳನ್ನು ಇನ್ನೂ ಕೊರೆದಿರಲಿಲ್ಲ. ಮೇಲಿನ ಹೊಲಿಗೆ, ಕೆಳಗಿನ ಹೊಲಿಗೆ ಎರಡನ್ನೂ ಬಿಚ್ಚಿ ಅದಲುಬದಲು ಮಾಡಿದೆವು. ಒಂದು ತಾಸು ನಲವತ್ತು ನಿಮಿಷ.

ಮೂರನೆಯದು ರಿಂಗು. ಈಗಿನ ಪರದೆಗಳಿಗೆ ಮೇಲಿನ ಪಟ್ಟಿಯೊಳಗೆ ಬಕ್ರಮ್ ಇಟ್ಟು, ದುಂಡಗೆ ಕತ್ತರಿಸಿ, ಪ್ಲಾಸ್ಟಿಕ್ ರಿಂಗು ಕೂಡಿಸುತ್ತಾರೆ. ರಿಂಗುಗಳ ಸಂಖ್ಯೆ ಯಾವಾಗಲೂ ಸಮಸಂಖ್ಯೆಯಾಗಿರಬೇಕು. ಏಳು ಹಾಕಿದರೆ ಒಂದು ತುದಿ ಗೋಡೆಯ ಕಡೆಗೂ ಇನ್ನೊಂದು ತುದಿ ಕೋಣೆಯ ಕಡೆಗೂ ಮುಖ ಮಾಡುತ್ತದೆ. ಎಂಟು ಹಾಕಿದರೆ ಎರಡೂ ತುದಿಗಳು ಗೋಡೆಯತ್ತ ತಿರುಗಿ ಅಚ್ಚುಕಟ್ಟಾಗಿ ನಿಲ್ಲುತ್ತವೆ. ಇದನ್ನು ಅವ್ವನಿಗೆ ಯಾವ ಶಾಲೆಯೂ ಕಲಿಸಲಿಲ್ಲ. ಅಂಗಡಿಗಳಲ್ಲಿ ತೂತು ಕೊರೆಯಲು ಅಚ್ಚಿನ ಯಂತ್ರವಿರುತ್ತದೆ. ನಮ್ಮ ಮನೆಯಲ್ಲಿ ಬಳೆಯಿಟ್ಟು ಸೀಮೆಸುಣ್ಣದಿಂದ ಗುಂಡು ಬರೆದು ಕತ್ತರಿಯಿಂದ ಕೊರೆಯುವುದು. ಇಪ್ಪತ್ತು ಪರದೆಗೆ ನೂರಾ ಅರವತ್ತು ಗುಂಡು. ಕೊನೆಯ ದಿನ ಅವ್ವನ ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತ್ತು.

ಕತ್ತರಿಸುವುದರಿಂದ ಇಸ್ತ್ರಿ ಮಾಡಿ ಮಡಚುವವರೆಗೆ ಒಂದು ಪರದೆಗೆ 55 ನಿಮಿಷ ಹಿಡಿಯಿತು. ಇಪ್ಪತ್ತಕ್ಕೆ 18 ತಾಸು 20 ನಿಮಿಷ. ಅಳತೆಗೆ ಹೋಗಿ ಬಂದದ್ದು 4 ತಾಸು, ರಿಂಗು ಬಕ್ರಮ್ ತರಲು ಗೋಕಾಕಕ್ಕೆ 3 ತಾಸು, ತೂಗುಹಾಕಿ ಬರಲು ಮತ್ತೆ 4 ತಾಸು. 2023ರ ಜೂನಿನಲ್ಲಿ ‘ಶಕ್ತಿ’ ಯೋಜನೆ ಆರಂಭವಾದ ಬಳಿಕ ಹೆಂಗಸರಿಗೆ ಸರಕಾರಿ ಬಸ್ಸಿನ ಚೀಟಿಗೆ ಹಣವಿಲ್ಲವೆಂಬುದು ದೊಡ್ಡ ಉಪಕಾರವೇ. ಆದರೆ ಬಸ್ಸು ಕಾಯುವ ಹೊತ್ತಿಗೆ ಚೀಟಿ ಕೊಡುವವರಿಲ್ಲ. ನನ್ನ ತಪ್ಪಿನ ಒಂದು ತಾಸು ನಲವತ್ತು ನಿಮಿಷ ಸೇರಿಸಿದರೆ ಒಟ್ಟು 31 ತಾಸು.

ಇನ್ನು ಹಣದ ಮಾತು. ಇಪ್ಪತ್ತು ಪರದೆಗೆ ಐವತ್ತರಂತೆ ಸಾವಿರ ರೂಪಾಯಿ. ರಿಂಗು 160, ಒಂದಕ್ಕೆ 4 ರೂಪಾಯಿಯಂತೆ 640. ಬಕ್ರಮ್ 25 ಮೀಟರು, 8 ರೂಪಾಯಿಯಂತೆ 200. ಎರಡೂ ಸೇರಿ 840. ಇದನ್ನು ಯಾರು ಕೊಡಬೇಕೆಂದು ಮೊದಲೇ ಮಾತಾಗಿರಲಿಲ್ಲ. ಗಿರಾಕಿಗಳು ಕೊಡುತ್ತಾರೆಂದು ಅವ್ವ ತಿಳಿದಿದ್ದಳು. ಮಜೂರಿಯಲ್ಲಿಯೇ ಎಲ್ಲ ಬಂತೆಂದು ಅವರು ತಿಳಿದಿದ್ದರು. ಇಬ್ಬರೂ ಪ್ರಾಮಾಣಿಕವಾಗಿಯೇ ತಿಳಿದಿದ್ದರು. ಕೊನೆಗೆ ಅರ್ಧರ್ಧ ಎಂದು ತೀರ್ಮಾನವಾಗಿ ಅವ್ವನ ಪಾಲಿಗೆ 420 ಬಂದಿತು. ಹೊಂದುವ ಬಣ್ಣದ ದಾರ 80 ರೂಪಾಯಿ. ಸಾವಿರದಲ್ಲಿ ಐದುನೂರು ಹೋಗಿ ಐದುನೂರು ಉಳಿಯಿತು. ಐದುನೂರನ್ನು 31ರಿಂದ ಭಾಗಿಸಿದರೆ ತಾಸಿಗೆ 16 ರೂಪಾಯಿ. ಎಂಟು ತಾಸಿನ ದಿನಕ್ಕೆ 129. ಅದೇ ತಿಂಗಳು ನಮ್ಮ ಚಿಕ್ಕವ್ವ ಇನ್ನೊಬ್ಬರ ಹೊಲದಲ್ಲಿ ಕಸ ತೆಗೆಯಲು ಹೋಗಿ ದಿನಕ್ಕೆ 300 ತರುತ್ತಿದ್ದಳು. ಚಿಕ್ಕವ್ವನಿಗೆ ಯಂತ್ರ ಕೊಳ್ಳುವ ಖರ್ಚಿಲ್ಲ, ಸೂಜಿ ಮುರಿಯುವ ಭಯವಿಲ್ಲ, ಹೂ ತಲೆಕೆಳಗಾಗುವ ಸಂಭವವೂ ಇಲ್ಲ.

ಈ ಲೆಕ್ಕವನ್ನು ನಾನು ಓದಿ ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರಲಿ ಬಿಡ, ಮನ್ಯಾಗ ಕುಂತ ಮಾಡಿದ್ದಲ್ಲ” ಎಂದಳು.

ಮನೆಯಲ್ಲಿ ಕುಳಿತು ಮಾಡಿದ್ದು! ಇದೇ ಈ ವಿಷಯದ ಗಂಟು. ಮನೆಯಲ್ಲಿ ಕುಳಿತು ಮಾಡಿದ್ದಕ್ಕೆ ಗಿರಾಕಿಯೂ ಬೆಲೆ ಕಟ್ಟುವುದಿಲ್ಲ, ಗಂಡನೂ ಕಟ್ಟುವುದಿಲ್ಲ, ಮಾಡಿದವಳಂತೂ ಕಟ್ಟುವುದೇ ಇಲ್ಲ. ಮನೆಯೆಂಬುದು ವಿಶ್ರಾಂತಿಯ ಸ್ಥಳವೆಂದು ನಾವು ನಂಬಿದ್ದೇವೆ. ಅದು ಯಾರಿಗೆ ವಿಶ್ರಾಂತಿಯ ಸ್ಥಳವೆಂದು ಕೇಳಿಕೊಳ್ಳುವುದಿಲ್ಲ. ಕೇಂದ್ರ ಸರಕಾರವು 2024ರಲ್ಲಿ ನಡೆಸಿದ ಕಾಲ ಬಳಕೆಯ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಸಂಬಳವಿಲ್ಲದ ಆ ಕೆಲಸದಲ್ಲಿ ಕಳೆಯುತ್ತಾರೆ. ಗಂಡಸರು 88 ನಿಮಿಷ. ಅವ್ವನ 31 ತಾಸುಗಳು ನಾಲ್ಕು ದಿನಗಳಲ್ಲಿ ಮುಗಿಯಲಿಲ್ಲ, ಹನ್ನೊಂದು ದಿನ ಹಿಡಿದವು. ನಡುವೆ ರೊಟ್ಟಿಯಿತ್ತು, ಎಮ್ಮೆಯಿತ್ತು, ಅಜ್ಜಿಯ ಔಷಧವಿತ್ತು. ಆರು ಪರದೆಗಳು ರಾತ್ರಿ ಹತ್ತರ ಮೇಲೆ ಮುಗಿದವು. ವಹಿಯಲ್ಲಿ ಹಾಗೆಂದೇ ಬರೆದಿದ್ದೇನೆ.

ಇಷ್ಟಕ್ಕೇ ನಿಂತಿದ್ದರೆ ಈ ವಹಿ ಪೆಟ್ಟಿಗೆ ಸೇರುತ್ತಿತ್ತು. ಆದರೆ ಆ ವರ್ಷದ ಅಕ್ಟೋಬರ್ ಕೊನೆಗೆ ನಮ್ಮ ನೆರೆಯ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರ ಧರಣಿ ಆರಂಭವಾಯಿತು. ಟನ್ನಿಗೆ 3,500 ರೂಪಾಯಿ ಬೇಕೆಂಬುದು ಅವರ ಬೇಡಿಕೆ. ಅಪ್ಪ ಎರಡು ದಿನ ಅಲ್ಲಿಗೆ ಹೋಗಿ ಕುಳಿತು ಬಂದ. ನವೆಂಬರ್ 7ರಂದು ಬೆಂಗಳೂರಿನಲ್ಲಿ ಸಭೆ ನಡೆದು 3,300 ರೂಪಾಯಿ ಎಂದು ಪ್ರಕಟವಾಯಿತು. ಆ ದಿನಗಳಲ್ಲಿ ನಮ್ಮ ಓಣಿಯ ಕಟ್ಟೆಯ ಮೇಲೆ ಬೇರೆ ಮಾತೇ ಇರಲಿಲ್ಲ. ಬೀಜವೆಷ್ಟು, ಗೊಬ್ಬರವೆಷ್ಟು, ಕಟಾವಿನ ಆಳು ಎಷ್ಟು ಎಂದು ಅಕ್ಷರ ಬಾರದವರೂ ಬೆರಳೆಣಿಸಿ ಹೇಳುತ್ತಿದ್ದರು. ನಾನು ಆ ಬೇಡಿಕೆಯ ಪರವೇ ಇದ್ದವಳು, ಈಗಲೂ ಇದ್ದೇನೆ. ಬೆಳೆದವನ ಬೆವರಿಗೆ ಬೆಲೆ ಕೇಳುವುದು ದುರಾಸೆಯಲ್ಲ.

ಆ ಸಂದರ್ಭದಲ್ಲಿ ನಾನು ಪತ್ರಿಕೆಗಳಲ್ಲಿ ಕಬ್ಬಿನ ದರದ ಲೆಕ್ಕವನ್ನು ಹುಡುಕಿ ಓದಿದೆ. 2025-26ರ ಹಂಗಾಮಿಗೆ ಕೇಂದ್ರ ಸರಕಾರವು ಕ್ವಿಂಟಲಿಗೆ 355 ರೂಪಾಯಿಯ ನ್ಯಾಯಬೆಲೆಯನ್ನು ಗೊತ್ತುಮಾಡಿತ್ತು. ಅದು ಶೇಕಡಾ 10.25 ಇಳುವರಿಗೆ. ಉತ್ಪಾದನೆಯ ಖರ್ಚು ಕ್ವಿಂಟಲಿಗೆ 173 ಎಂದು ಹಿಡಿದಿದ್ದರು. ಈ ಖರ್ಚಿನಲ್ಲಿ ಏನೇನು ಸೇರಿದೆಯೆಂದು ನೋಡಿದಾಗ ನನಗೆ ನಿಜವಾಗಿಯೂ ಆಶ್ಚರ್ಯವಾಯಿತು. ಬೀಜ, ಗೊಬ್ಬರ, ಕೂಲಿ ಇವಷ್ಟೇ ಅಲ್ಲ. ರೈತನೂ ಅವನ ಮನೆಮಂದಿಯೂ ತಮ್ಮ ಹೊಲದಲ್ಲಿ ಸಂಬಳವಿಲ್ಲದೆ ದುಡಿದದ್ದಕ್ಕೂ ಇಷ್ಟೆಂದು ಬೆಲೆ ಕಟ್ಟಿ ಅದನ್ನೂ ಖರ್ಚಿನಲ್ಲಿ ಸೇರಿಸುತ್ತಾರೆ. ದೇಶದ ಅರ್ಥಶಾಸ್ತ್ರಜ್ಞರು ಕುಳಿತು ಒಪ್ಪಿಕೊಂಡ ಪದ್ಧತಿಯಿದು. ಅಂದರೆ ಅವ್ವ ಹೊಲದಲ್ಲಿ ಬಗ್ಗಿ ಕಸ ಕಿತ್ತರೆ ಆ ದುಡಿಮೆಗೆ ದೆಹಲಿಯ ಕಡತದಲ್ಲಿ ಬೆಲೆಯುಂಟು. ಅದೇ ಅವ್ವ ಮನೆಗೆ ಬಂದು ಯಂತ್ರದ ಮುಂದೆ ಕುಳಿತರೆ ನಮ್ಮ ಮನೆಯ ಕಡತದಲ್ಲಿಯೇ ಬೆಲೆಯಿಲ್ಲ!

ರಾತ್ರಿ ಊಟದ ಹೊತ್ತಿಗೆ ಇದನ್ನು ಅಪ್ಪನಿಗೆ ಹೇಳಿದೆ. “ಮನಿಮಂದಿದೂ ಹಿಡಿತಾರೇನ?” ಎಂದು ಅವನು ಸಂತೋಷಪಟ್ಟ. ಆಗ ನಾನು ಪರದೆಯ ವಹಿಯನ್ನು ಮುಂದಿಟ್ಟೆ. ಅಪ್ಪ ಓದಿದ. ಎರಡನೆಯ ಸಲ ಓದಿದ. ಏನೂ ಅನ್ನದೆ ಕೈ ತೊಳೆಯಲು ಎದ್ದ. ಅಪ್ಪನನ್ನು ಇಲ್ಲಿ ತಪ್ಪಿತಸ್ಥನನ್ನಾಗಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಬೆಲ್ಲದ ಪೆಂಟೆಯನ್ನು ಅಡತಿಯಲ್ಲಿ ಸವಾಲಿಗಿಟ್ಟು ಹತ್ತು ರೂಪಾಯಿಗೆ ಹಟ ಹಿಡಿಯುವುದನ್ನು ಅವನ ಅಪ್ಪ ಅವನಿಗೆ ಕಲಿಸಿದ್ದ. ಹೊಲಿಗೆಗೆ ಹಟ ಹಿಡಿಯುವುದನ್ನು ಯಾರೂ ಯಾರಿಗೂ ಕಲಿಸಿರಲಿಲ್ಲ.

ಇನ್ನು ನನ್ನ ವಾದಕ್ಕೆ ಬರುವ ಆಕ್ಷೇಪಣೆಗಳನ್ನು ನೋಡೋಣ. ನಮ್ಮ ಕಡೆ ಹಿರಿಯರು ಕೂಡಲೇ ಎತ್ತುವ ಮಾತು ಕಾಯಕದ್ದು. ‘ಕಾಯಕವೆಂದು ಮಾಡಬೇಕು, ರೊಕ್ಕಕ್ಕೆ ಜೋತುಬೀಳಬಾರದು’ ಎನ್ನುತ್ತಾರೆ. ಶರಣರಲ್ಲಿ ಸೂಜಿ ಹಿಡಿದವರೂ ಇದ್ದರು. ಸೂಜಿಕಾಯಕದ ರಾಮಿತಂದೆಯೆಂದು ಹೆಸರೇ ಇದೆ. ಆದರೆ ಕಾಯಕದ ಮಾತಿಗೆ ಎಲ್ಲರೂ ಉದಾಹರಿಸುವ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನೇ ತೆಗೆದುಕೊಳ್ಳಿ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದಳು. ಎಂದಿಗಿಂತ ಹೆಚ್ಚು ಎಂದು ಅವಳಿಗೆ ತಿಳಿದದ್ದು ಹೇಗೆ? ತನ್ನ ಮನೆಗೆ ಇಷ್ಟು ಸಲ್ಲಬೇಕು ಎಂಬ ಅಳತೆ ಅವಳಲ್ಲಿ ಇತ್ತು, ಅದಕ್ಕೇ ತಿಳಿಯಿತು. ಅಳತೆಯಿದ್ದವಳಿಗೆ ಹೆಚ್ಚು ಯಾವುದೆಂದೂ ಗೊತ್ತು, ಕಡಿಮೆ ಯಾವುದೆಂದೂ ಗೊತ್ತು. ನಮ್ಮ ಮನೆಗಳಲ್ಲಿ ಹೊಲಿಯುವ ಹೆಂಗಸರ ಹತ್ತಿರ ಟೇಪು ಉಂಟು, ಆ ಅಳತೆ ಮಾತ್ರ ಇಲ್ಲ. ಅವರಿಗೆ ಲಕ್ಕಮ್ಮನ ಹೆಸರು ಹೇಳಿ ಐವತ್ತಕ್ಕೆ ಇಳಿಸುವುದು ಆ ತಾಯಿಗೆ ಮಾಡುವ ಅನ್ಯಾಯವೆಂದು ನನ್ನ ಅಭಿಪ್ರಾಯ.

ಹಾಗಾದರೆ ಅಳತೆ ಯಾವುದು? ನಾನೂ ಅವ್ವನೂ ಕುಳಿತು ಒಂದು ಲೆಕ್ಕ ಹಾಕಿದೆವು. ಹೊಲದ ಕೂಲಿ ತಾಸಿಗೆ ಮೂವತ್ತೇಳೂವರೆ ಬೀಳುತ್ತದೆ. ಇಪ್ಪತ್ತು ವರ್ಷ ಪಳಗಿದ ಕೈಗೆ, ಸ್ವಂತ ಯಂತ್ರವಿಟ್ಟುಕೊಂಡವಳಿಗೆ ತಾಸಿಗೆ 60 ಹೆಚ್ಚಲ್ಲವೆಂದು ನಾನೆಂದೆ. ಅವ್ವ ಐವತ್ತು ಸಾಕೆಂದಳು. ಒಂದು ಸಂಜೆಯೆಲ್ಲ ವಾದವಾಗಿ ಅರವತ್ತೆಂದೇ ಆಯಿತು. ಒಂದು ಪರದೆಯ 55 ನಿಮಿಷಕ್ಕೆ 55 ರೂಪಾಯಿ, ದಾರ 4, ಸೂಜಿ, ಎಣ್ಣೆ, ಕರೆಂಟು, ಯಂತ್ರದ ಸವಕಳಿ ಇವಕ್ಕೆ 6. ಅಲ್ಲಿಗೆ 65. ಅಳತೆ, ಸಾಮಾನು ತರುವುದು, ತೂಗುಹಾಕುವುದು ಇವುಗಳ 11 ತಾಸಿಗೆ 660; ಇಪ್ಪತ್ತಕ್ಕೆ ಹಂಚಿದರೆ ಒಂದಕ್ಕೆ 33. ಒಟ್ಟು 98. ನೂರು ರೂಪಾಯಿ ಎನ್ನೋಣ. ರಿಂಗು ಬಕ್ರಮ್ ಗಿರಾಕಿಯದು. ನಾವು ತಂದರೆ ಅಂಗಡಿಯ ಚೀಟಿ ತೋರಿಸಿ ಅಷ್ಟೇ ತೆಗೆದುಕೊಳ್ಳುವುದು. ಪೇಟೆಯ ಅಂಗಡಿಯವರು 120 ಕೇಳಿದ್ದು ಲೂಟಿಯೆಂದು ನಾವು ಮೇ ತಿಂಗಳಲ್ಲಿ ಮಾತಾಡಿಕೊಂಡಿದ್ದೆವು. ಅವರಿಗೆ ಅಂಗಡಿಯ ಬಾಡಿಗೆಯೂ ಉಂಟು. ಅವರದು ಲೂಟಿಯಾಗಿರಲಿಲ್ಲ, ಬರೀ ಲೆಕ್ಕವಾಗಿತ್ತು.

ನನ್ನ ತಪ್ಪಿನ ಒಂದು ತಾಸು ನಲವತ್ತು ನಿಮಿಷವನ್ನೂ ನಾನು ಸೇರಿಸಹೊರಟಿದ್ದೆ. ಅವ್ವ ಬಿಡಲಿಲ್ಲ. “ಅದನ್ನ ಗಿರಾಕಿ ಯಾಕ ಕೊಡಬೇಕ? ನೀ ಕೊಡ” ಎಂದಳು. ಲೆಕ್ಕದಲ್ಲಿ ಅವಳೇ ನನಗಿಂತ ಚೊಕ್ಕವೆಂದು ಅಂದೇ ತಿಳಿಯಿತು. ಆ ಸಾಲವನ್ನು ನಾನು ಗುಂಡಿ ಹಚ್ಚಿ ತೀರಿಸಿದ್ದೇನೆ.

ಕಾರ್ತಿಕ ಮುಗಿಯುವ ಮುನ್ನ ಒಂದು ರಟ್ಟಿನ ಹಲಗೆಯ ಮೇಲೆ ದರಗಳನ್ನು ಬರೆದು ಯಂತ್ರದ ಮೇಲಿನ ಗೋಡೆಗೆ ತೂಗುಹಾಕಿದೆ. ಮೊಳೆ ಹೊಡೆದವನು ಅಪ್ಪ. ಇಲ್ಲಿಂದ ಮುಂದಿನದು ನನ್ನ ವಾದಕ್ಕೆ ಅಷ್ಟು ಅನುಕೂಲವಾದ ಕಥೆಯಲ್ಲ, ಆದರೂ ಹೇಳಬೇಕು. ಓಣಿಯಲ್ಲಿ ಮಾತು ಹುಟ್ಟಿತು. ‘ಕಾಲೇಜ ಕಲಿಯೋ ಮಗಳ ಅವ್ವನ ಕೈಲಿ ಅಂಗಡಿ ತೆಗಿಸ್ಯಾಳ’ ಎಂದರು. ಹತ್ತು ವರ್ಷಗಳಿಂದ ಬರುತ್ತಿದ್ದ ಒಬ್ಬ ಹಿರಿಯಳು ಹಲಗೆಯನ್ನು ನೋಡಿ, ತಂದ ಖಣವನ್ನು ಬಿಚ್ಚದೆಯೇ ಹಾಗೇ ತಿರುಗಿ ಹೋದಳು. ಅವ್ವ ಆ ರಾತ್ರಿ ಊಟ ಮಾಡಲಿಲ್ಲ. ನನಗೆ ಅವಳು ಹೇಳಿದ ಮಾತನ್ನು ಇದ್ದಂತೆಯೇ ಬರೆಯುತ್ತೇನೆ: “ನಿಮ್ಮಪ್ಪಗ ದವಾಖಾನಿಗೆ ಹಾಕಿದಾಗ ಎಂಟ ದಿನಾ ಬುತ್ತಿ ತಂದಕಿ ಆಕಿ. ಆ ಬುತ್ತಿಗೆ ಎಷ್ಟ ತಾಸಂತ ಬರದಿ?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಓದಿದ ಅರ್ಥಶಾಸ್ತ್ರದಲ್ಲಿಯೂ ಸುಲಭವಾಗಿ ಸಿಗಲಿಲ್ಲ. ಕಡಿಮೆ ಮಜೂರಿಯೆಂದು ನಾನು ಕಂಡದ್ದರಲ್ಲಿ ಒಂದು ಭಾಗ ನಷ್ಟವಲ್ಲ, ಓಣಿಯಲ್ಲಿ ಇಟ್ಟ ಠೇವಣಿ. ಕಷ್ಟಕಾಲಕ್ಕೆ ಅದು ಬುತ್ತಿಯಾಗಿ ಬರುತ್ತದೆ. ಇದನ್ನು ಒಪ್ಪಿಕೊಂಡೆ. ಆದರೆ ಒಪ್ಪಿಕೊಂಡ ಮೇಲೆಯೇ ನನಗೆ ಇನ್ನೊಂದು ವಿಷಯ ನಿಚ್ಚಳವಾಯಿತು. ಆ ಹಿರಿಯಳ ಕುಬಸ ಬೇರೆ, ಇಪ್ಪತ್ತು ಪರದೆ ಬೇರೆ. ಕುಬಸ ಓಣಿಯೊಳಗೇ ತಿರುಗುತ್ತದೆ. ಪರದೆ ಹಾಗಲ್ಲ, ಅದು ಹೊರಗಿನ ವ್ಯಾಪಾರ. ಹೊಸ ಮನೆ, ಹೊಸ ಊರು, ಒಂದೇ ಸಲದ ಗಿರಾಕಿ. ಗೋಕಾಕದ ಆ ಮನೆಯವರು ನಮಗೆ ಬುತ್ತಿ ತರುವವರಲ್ಲ, ತರಬೇಕೆಂದು ನಾವು ನಿರೀಕ್ಷಿಸುವುದೂ ನ್ಯಾಯವಲ್ಲ. ಓಣಿಯ ಋಣದ ದರವನ್ನು ಪರವೂರಿನ ಗಿರಾಕಿಗೆ ಹಚ್ಚಿದ್ದೇ ನಾವು ಮಾಡಿದ ತಪ್ಪು. ಮರುದಿನ ಹಲಗೆಯ ಮೇಲಿನ ಕುಬಸದ ಸಾಲನ್ನು ನಾನೇ ಅಳಿಸಿದೆ. ಪರದೆ, ದಿಂಬಿನ ಗವುಸು, ಶಾಲೆಯ ಸಮವಸ್ತ್ರ ಇವುಗಳ ಸಾಲುಗಳು ಉಳಿದವು. ಕೂಸಿನ ಕೌದಿಗೆ ಅವ್ವ ಎಂದೂ ದರ ಹೇಳಿದವಳಲ್ಲ. ಅದನ್ನು ಬರೆಯುವ ಧೈರ್ಯ ನನಗೂ ಮೊದಲಿನಿಂದ ಇರಲಿಲ್ಲ.

ಒಬ್ಬಳೇ ಹಲಗೆ ಹಾಕಿದರೆ ಇನ್ನೊಬ್ಬಳು ಹತ್ತು ರೂಪಾಯಿ ಇಳಿಸಿ ಕೆಲಸ ಒಯ್ಯುತ್ತಾಳೆಂಬ ಮಾತನ್ನೂ ಗೆಳತಿಯೊಬ್ಬಳು ಎತ್ತಿದಳು. ಅದು ನಿಜ. ಇಳಾ ಭಟ್ ಅವರು 1972ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ‘ಸೇವಾ’ ಸಂಘವು ಮನೆಯಲ್ಲಿ ಕುಳಿತು ಚಿಂದಿಯಿಂದ ಹೊದಿಕೆ ಹೊಲಿಯುವ ಹೆಂಗಸರನ್ನು ಕೂಡಿಸಿ, ಒಂದೊಂದು ಹೊದಿಕೆಯ ಮಜೂರಿಗಾಗಿ ವ್ಯಾಪಾರಿಗಳೊಡನೆ ವಾದಿಸಿತೆಂದು ಓದಿದ್ದೇನೆ. ಅವರು ಹೊಲಿಯುತ್ತಿದ್ದದ್ದು ನಮ್ಮ ಕೌದಿಯ ಬಳಗಕ್ಕೇ ಸೇರಿದ್ದು. ನಮ್ಮೂರಲ್ಲಿ ಯಂತ್ರವಿಟ್ಟುಕೊಂಡ ಹೆಂಗಸರು ಹಲವರಿದ್ದಾರೆ. ಅವರಲ್ಲಿ ಹೆಚ್ಚಿನವರು ಯಾವುದಾದರೊಂದು ಸ್ವಸಹಾಯ ಸಂಘದಲ್ಲಿ ಇದ್ದೇ ಇದ್ದಾರೆ. ವಾರಕ್ಕೊಮ್ಮೆ ಕೂಡಿ ಉಳಿತಾಯದ ಹಣ ಎಣಿಸುತ್ತಾರೆ. ಆ ಸಭೆಯಲ್ಲಿಯೇ ಒಂದು ದಿನ ಪರದೆಯ ದರವನ್ನೂ ಮಾತಾಡಿದರೆ ಹೆಚ್ಚಿನ ಖರ್ಚೇನೂ ಬೀಳುವುದಿಲ್ಲ. 2023ರ ಸಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸಬುಗಳಲ್ಲಿ ಹೊಲಿಗೆಯೂ ಒಂದು. ಅದರಲ್ಲಿ ತರಬೇತಿಯಿದೆ, ಉಪಕರಣಗಳಿಗೆ 15,000 ರೂಪಾಯಿಯ ನೆರವಿದೆ, ಸಾಲವೂ ಇದೆ. ಬಹಳ ಒಳ್ಳೆಯದು. ಆದರೆ ಯಂತ್ರ ಬಂದ ಮೇಲೆ ಮಜೂರಿ ಎಷ್ಟೆಂದು ಬಾಯಿಬಿಟ್ಟು ಕೇಳಬೇಕಾದವಳು ಆ ಹೆಂಗಸೇ.

ಗುರುಗಳು ತಪ್ಪು ತಿಳಿಯಬಾರದು. ಈ ಸಂಚಿಕೆಯನ್ನು ಓದುವವರಲ್ಲಿ ನಮ್ಮಂಥ ಮನೆಗಳಿಗೆ ಅರಿವೆ ಕೊಡುವವರೂ ಇದ್ದಾರೆ. ನನ್ನ ಸಹಪಾಠಿಗಳಲ್ಲಿ ಅಂಥ ಮನೆಗಳಿಂದ ಬಂದವರೂ ಇದ್ದಾರೆ, ನನ್ನ ಹಾಗೆ ‘ಮನೆಯಲ್ಲಿಯೇ ಇರುತ್ತಾರೆ’ ಎಂದವರೂ ಇರಬಹುದು. ಮೊದಲಿನವರಲ್ಲಿ ನನ್ನ ಬೇಡಿಕೆ ಇಷ್ಟೇ: ಅರಿವೆ ಕೊಡುವಾಗಲೇ ರಿಂಗು ಯಾರದು, ಬಕ್ರಮ್ ಯಾರದು ಎಂದು ಕೇಳಿಬಿಡಿ. ಎರಡನೆಯವರು ಒಂದು ವಹಿ ತೆಗೆದುಕೊಂಡು ಒಂದೇ ಒಂದು ವಾರ ತಾಯಿಯ ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು ಕುಳಿತುಕೊಳ್ಳಿ. ಪದವಿಯ ಮೂರು ವರ್ಷಗಳಲ್ಲಿ ನಾನು ಮಾಡಿದ ಲೆಕ್ಕಗಳಲ್ಲಿ ನನಗೆ ನಿದ್ದೆ ಕೆಡಿಸಿದ್ದು ಅದೊಂದೇ.

ಈ ಲೇಖನ ಬರೆಯುವ ಹೊತ್ತಿಗೆ ಹಲಗೆ ತೂಗುಹಾಕಿ ಮೂರು ತಿಂಗಳಾಗಿದೆ. ಹೊಸ ದರಕ್ಕೆ ಬಂದ ಪರದೆಯ ಕೆಲಸ ಎರಡು. ಒಂದು ಆರು ಪರದೆಯದು, ಇನ್ನೊಂದು ನಾಲ್ಕರದು. ದರ ಕೇಳಿ ಬೇರೆ ಕಡೆ ಹೋದವರು ಮೂವರು. ಖಣ ತಿರುಗಿ ಒಯ್ದ ಹಿರಿಯಳು ಸಂಕ್ರಾಂತಿಯ ಮುನ್ನಾದಿನ ಅದೇ ಖಣವನ್ನು ತಂದು, ಹಲಗೆಯ ಕಡೆಗೆ ನೋಡದೆ, ಯಂತ್ರದ ಮೇಲಿಟ್ಟು ಹೋದಳು. ಅವ್ವ ಅದನ್ನು ಹಳೆಯ ಮಜೂರಿಗೇ ಹೊಲಿದಳು. ಹೋದ ವಾರ ನಾಲ್ಕು ಪರದೆಯವರು ಬಂದು, “ನೂರಾ? ಸ್ವಲ್ಪ ನೋಡ್ರಿ ಅಕ್ಕಾರ” ಎಂದಾಗ ನಾನು ಒಳಗೆ ಓದುತ್ತ ಕುಳಿತಿದ್ದೆ. ಅವ್ವನ ಧ್ವನಿ ಸಣ್ಣಗೆ ಕೇಳಿಸಿತು: “ರಿಂಗಿಗೆ ಗುಂಡ ಕೊರಿಬೇಕ್ರಿ, ಅದಕ್ಕ ಹೊತ್ತ ಹತ್ತತೈತಿ.” ಬಳಿಕ ಟೇಪು ಬಿಚ್ಚಿದ ಸದ್ದಾಯಿತು.